ಏನೂ ಬೆಳೆಯದ ಸಿಂಗಾಪುರ ಅಷ್ಟು ದೊಡ್ಡ ಬಂದರಾದದ್ದು ಹೇಗೆ?

ಗಣಿಯಿಲ್ಲ, ಹೊಲವಿಲ್ಲ, ನೀರಿಗೂ ಮಲೇಷ್ಯಾ ಬೇಕು. ಅಂಥ ಸಿಂಗಾಪುರಕ್ಕೆ ಅಷ್ಟೊಂದು ಹಡಗು ಬರುವುದು ಬರೀ ಜಾಗದ ಮಹಿಮೆಯೇ ಎಂದು ಕೇಳಿದ್ದೀರಿ. ಸರಕು ಸಾಗಣೆಯ ಕಾಗದಪತ್ರ ನೋಡಿಕೊಳ್ಳುವ ಕೆಲಸದಲ್ಲಿ ಕೆಲವು ವರ್ಷ ಇದ್ದವನಾಗಿ ಹೇಳುತ್ತೇನೆ: ಜಾಗ ಅರ್ಧ ಕಾರಣ ಮಾತ್ರ.

ಸಿಂಗಾಪುರ ಇರುವುದು ಭಾರತದ ಕಡೆಯಿಂದ ಚೀನಾದ ಕಡೆಗೆ ಹಡಗುಗಳು ಹಾಯುವ ಮಲಕ್ಕಾ ಜಲಸಂಧಿಯ ತುದಿಯಲ್ಲಿ. ಅದೇ ಜಲಸಂಧಿಯ ದಂಡೆಯಲ್ಲಿ ಮಲಕ್ಕಾ ಊರೂ ಇದೆ. ಒಂದು ಕಾಲದ ಮಹಾ ಬಂದರು ಅದು. ಈಗ ಜಲಸಂಧಿಗೆ ಅದರ ಹೆಸರು ಉಳಿದಿದೆ, ವ್ಯಾಪಾರ ಉಳಿದಿಲ್ಲ. 1819ರಲ್ಲಿ ಸಿಂಗಾಪುರಕ್ಕೆ ಬಂದಿಳಿದ ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫೆಲ್ಸ್ ಅದನ್ನು ಸುಂಕವಿಲ್ಲದ ಬಂದರು ಮಾಡಿದ. ಸುತ್ತಲಿನ ಬಂದರುಗಳಲ್ಲಿ ಡಚ್ಚರಿಗೆ ಸುಂಕ ತೆತ್ತು ಬೇಸತ್ತ ವರ್ತಕರು ಇತ್ತ ತಿರುಗಿದರು.

ಈಗ ಅಲ್ಲಿ ಇಳಿಯುವ ಕಂಟೇನರುಗಳಲ್ಲಿ ಬಹುಪಾಲು ಆ ಊರಿನವಲ್ಲ. ಒಂದು ಹಡಗಿನಿಂದ ಇಳಿದು ಇನ್ನೊಂದನ್ನು ಹತ್ತಲು ಬಂದವು. ಇದೇ ಟ್ರಾನ್ಸ್‌ಶಿಪ್‌ಮೆಂಟ್. ರೈಲ್ವೆ ಜಂಕ್ಷನ್ ನೆನೆಸಿಕೊಳ್ಳಿ: 10 ಬಂದರುಗಳನ್ನು ಒಂದಕ್ಕೊಂದು ನೇರ ಜೋಡಿಸಲು 45 ಮಾರ್ಗ ಬೇಕು, ನಡುವೆ ಜಂಕ್ಷನ್ ಇದ್ದರೆ 10 ಸಾಕು. ಸಣ್ಣ ಫೀಡರ್ ಹಡಗುಗಳು ತಂದಿಳಿಸಿದ್ದನ್ನು ದೈತ್ಯ ಹಡಗುಗಳು ಒಯ್ಯುತ್ತವೆ. 2024ರಲ್ಲಿ ಈ ಬಂದರಿನಲ್ಲಿ ಒಟ್ಟು 4.11 ಕೋಟಿ ಟಿಇಯು (20 ಅಡಿ ಪೆಟ್ಟಿಗೆಯ ಲೆಕ್ಕ) ಹಾದುಹೋಯಿತು. ಶಾಂಘೈ ಮಾತ್ರ ಮುಂದಿದೆ, ಅದರ ಬೆನ್ನಿಗೆ ಚೀನಾದ ಕಾರ್ಖಾನೆಗಳಿವೆ.

ನನಗೆ ತುಂಬ ಹಿಡಿಸಿದ್ದು ಸಿಂಗಾಪುರದವರ ಮುಂದಾಲೋಚನೆ. ಕಂಟೇನರ್ ಪದ್ಧತಿ ಏಷ್ಯಾದಲ್ಲಿ ಇನ್ನೂ ಬೇರೂರದಿದ್ದಾಗಲೇ ವಿಶ್ವಬ್ಯಾಂಕಿನ ಸಾಲ ತಂದು ತಂಜೋಂಗ್ ಪಗಾರ್‌ನಲ್ಲಿ ಧಕ್ಕೆ ಕಟ್ಟಿದರು. 1972ರಲ್ಲಿ ಮೊದಲ ಕಂಟೇನರ್ ಹಡಗು ಬಂತು. 1989ರಲ್ಲಿ ಟ್ರೇಡ್‌ನೆಟ್ ಬಂತು, ಹಲವು ಇಲಾಖೆಗಳ ಅನುಮತಿಗೆ ಕಂಪ್ಯೂಟರಿನಲ್ಲಿ ಒಂದೇ ಅರ್ಜಿ ಸಾಕಾಯಿತು. ಕಾಗದ ಹಿಡಿದು ಮೇಜಿನಿಂದ ಮೇಜಿಗೆ ಅಲೆದವರಿಗೆ ಅದರ ಬೆಲೆ ಗೊತ್ತು. ಒಂದು ಸಹಿ ತಡವಾದರೆ ಪೆಟ್ಟಿಗೆ ಧಕ್ಕೆಯಲ್ಲೇ ಕೂರುತ್ತದೆ, ಬಾಡಿಗೆ ಏರುತ್ತಲೇ ಇರುತ್ತದೆ.

ನಿಂತ ಹಡಗಿಗೆ ಇಂಧನ, ದುರಸ್ತಿ, ವಿಮೆ ಎಲ್ಲ ಬೇಕಲ್ಲ? ಒಂದೂ ತೈಲಬಾವಿಯಿಲ್ಲದ ಈ ಊರು ಹಡಗುಗಳಿಗೆ ಇಂಧನ ತುಂಬುವುದರಲ್ಲಿ ಜಗತ್ತಿಗೇ ಮೊದಲು.

ಆದರೆ ಜಂಕ್ಷನ್ ವ್ಯಾಪಾರಕ್ಕೆ ಊರಿನ ಋಣವಿಲ್ಲ. 2000ದಲ್ಲಿ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ ತನ್ನ ಟ್ರಾನ್ಸ್‌ಶಿಪ್‌ಮೆಂಟನ್ನು ಪಕ್ಕದಲ್ಲೇ ಇರುವ ಮಲೇಷ್ಯಾದ ತಂಜುಂಗ್ ಪೆಲೆಪಾಸ್‌ಗೆ ಒಯ್ದಿತು. ಜಾಗವೇ ಎಲ್ಲ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಈಗ ಸಿಂಗಾಪುರ ತನ್ನ ಕಂಟೇನರ್ ಧಕ್ಕೆಗಳನ್ನೆಲ್ಲ ದ್ವೀಪದ ಪಶ್ಚಿಮ ತುದಿಯ ತುವಾಸ್‌ಗೆ ಸಾಗಿಸುತ್ತಿದೆ. 2040ರ ದಶಕದಲ್ಲಿ ಅದು ಪೂರ್ತಿಯಾದಾಗ ವರ್ಷಕ್ಕೆ 6.5 ಕೋಟಿ ಟಿಇಯು ಹಿಡಿಯುವಂತೆ ಕಟ್ಟುತ್ತಿದ್ದಾರೆ.