ಕುರ್ಚಿ ಬಿಟ್ಟು ಎದ್ದವರು ಯಾರು? – ಒಂದು ಆಪ್ತಸಲಹೆ ಪ್ರಕರಣ

ಗಿರಿಜಾ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಒಪ್ಪಿದ್ದಾರೆ, ಬರೆದದ್ದನ್ನು ಓದಿ, ಅತ್ತೆಯ ಒಂದು ಮಾತನ್ನು ತಿದ್ದಿಯೂ ಕೊಟ್ಟಿದ್ದಾರೆ.

ಹುಬ್ಬಳ್ಳಿ ಕಡೆಯವರು. ಅಲ್ಲಿ ಒಂದು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಆರು ವರ್ಷ ಕೂತವರು. ಈಗ ಕೆನಡಾದ ಬ್ರ್ಯಾಂಪ್ಟನ್‌ನ ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಸೂಪರ್‌ವೈಸರ್. ಗಂಡ, ಏಳು ವರ್ಷದ ಮಗ, ಊರಿಂದ ಬಂದಿರುವ ಅತ್ತೆ. ಪೌರತ್ವ ಸಿಕ್ಕ ಮೇಲೆ ಗಡಿ ಮತ್ತು ಕಸ್ಟಮ್ಸ್ ನೋಡಿಕೊಳ್ಳುವ ಕೆನಡಾ ಬಾರ್ಡರ್ ಸರ್ವಿಸಸ್ ಏಜೆನ್ಸಿಯ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಿ, ಪ್ರವೇಶ ಪರೀಕ್ಷೆ ಪಾಸಾಗಿ, ಸಂದರ್ಶನಕ್ಕೆ ಐದು ವಾರ ಇರುವಾಗ ತಯಾರಿಗೆಂದು ನನ್ನ ಬಳಿ ಬಂದರು.

ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ಯಾವುದೋ ವಾಟ್ಸಾಪ್ ಗುಂಪಿನಿಂದ ಇಳಿಸಿಕೊಂಡ ನಲವತ್ತು ಪ್ರಶ್ನೆ, ನಲವತ್ತು ಉತ್ತರ, ಹಳದಿ ಗೆರೆ ಎಳೆದು ಬಾಯಿಪಾಠ. ‘ಈ ಕೆಲಸ ಯಾಕೆ ಬೇಕು?’ ಎಂದೆ. ಕೆನಡಾದ ಭದ್ರತೆ ಮತ್ತು ಸಮೃದ್ಧಿಗೆ ಕೊಡುಗೆ ನೀಡುವ ಹಂಬಲ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದರು. ಮಗ್ಗಿ ಕೇಳಿದ ಹಾಗಾಯಿತು. ಫೈಲು ಮುಚ್ಚಿ ಪಕ್ಕಕ್ಕಿಟ್ಟೆ. ಆ ಪ್ರಶ್ನೆಗಳು ನಿಜವಾದ ಸಂದರ್ಶನದಿಂದ ಸೋರಿದ್ದೇ ಆದರೆ ಅವನ್ನು ಇಟ್ಟುಕೊಳ್ಳುವುದೇ ಅಪ್ರಾಮಾಣಿಕತೆ, ಸುಳ್ಳಾದರೆ ವ್ಯರ್ಥ. ಪ್ರಾಮಾಣಿಕತೆಯನ್ನೇ ತೂಗುವ ಕೆಲಸಕ್ಕೆ ಹೋಗುವವರು ಕದ್ದ ಪ್ರಶ್ನೆಪತ್ರಿಕೆಯೊಂದಿಗೆ ಶುರುಮಾಡಬಾರದು ಅಂದೆ. ಮುಖ ಸಣ್ಣಗಾಯಿತು, ಆದರೆ ಫೈಲನ್ನು ಮತ್ತೆ ತರಲಿಲ್ಲ.

ನಾನು ಆ ಏಜೆನ್ಸಿಯವಳಲ್ಲ, ಒಳಗಿನ ಗುಟ್ಟು ನನಗೆ ಗೊತ್ತಿಲ್ಲ. ಆದರೆ ಇಲ್ಲಿಯ ಕೇಂದ್ರ ಸರ್ಕಾರಿ ಹುದ್ದೆಗಳ ಸಂದರ್ಶನಕ್ಕೆ ಹಲವರನ್ನು ಸಿದ್ಧಪಡಿಸಿದ್ದೇನೆ. ಅಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಗಳು. ಕೂತವರು ತಲೆ ತಗ್ಗಿಸಿ ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಆಮೇಲೆ ಒಂದೊಂದು ಗುಣಕ್ಕೂ ಅಂಕ: ಕಷ್ಟದ ಸನ್ನಿವೇಶ ನಿಭಾಯಿಸುವುದು, ತೀರ್ಮಾನ ತೆಗೆದುಕೊಳ್ಳುವುದು, ಜನರೊಂದಿಗೆ ಮಾತು, ಪ್ರಾಮಾಣಿಕತೆ. ನಮ್ಮೂರ ಸಂದರ್ಶನಗಳ ಹಾಗೆ ‘ನಿಮ್ಮ ತಂದೆ ಏನು ಮಾಡ್ತಾರೆ’ ಎಂಬ ಲೋಕಾಭಿರಾಮ ಇಲ್ಲ. ಮುಗುಳ್ನಗೆಯೂ ಕಡಿಮೆ, ಅದನ್ನು ಕಂಡು ಅರ್ಧ ಜನ ‘ನಾನು ಕೆಟ್ಟೆ’ ಎಂದು ಅಲ್ಲೇ ಕುಸಿಯುತ್ತಾರೆ. ನೀವು ಬಾಯಿಬಿಟ್ಟು ಹೇಳದ್ದನ್ನು ಅವರು ಊಹಿಸಿಕೊಂಡು ಅಂಕ ಕೊಡುವಂತಿಲ್ಲ. ಇದೊಂದು ತಲೆಗೆ ಹೋದರೆ ಅರ್ಧ ತಯಾರಿ ಮುಗಿದಂತೆ.

ಹಾಗಾಗಿ ಪ್ರಶ್ನೆ ಬಿಟ್ಟು ಘಟನೆ ಹುಡುಕೋಣ ಎಂದೆ. ‘ನಿಮ್ಮ ಎದುರು ಯಾರಾದರೂ ಸಿಟ್ಟಿನಿಂದ ಕೂಗಾಡಿದ್ದು ನೆನಪಿದೆಯೇ?’

ಗಿರಿಜಾ ನಕ್ಕುಬಿಟ್ಟರು. ‘ನೋಟ್ ಬಂದಿ ಟೈಮಿನ್ಯಾಗ ದಿನಾ ಅದ ಇತ್ತಲ್ರೀ ಅಕ್ಕಾರ.’

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದ ಮೇಲೆ ಕೌಂಟರಿನಲ್ಲಿ ಕೂತವರ ಪಾಡು ನೆನಪಿರುವವರಿಗೆ ನೆನಪಿದೆ. ನೋಟು ಬದಲಿಸುವ ಮಿತಿ ಮೊದಲು 4,000, ಆಮೇಲೆ 4,500, ನವೆಂಬರ್ 18ರಿಂದ ಇದ್ದಕ್ಕಿದ್ದಂತೆ 2,000. ಅವತ್ತು ಬೆಳಗಿನ ಐದಕ್ಕೇ ಬಂದು ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಒಂಬತ್ತು ಐನೂರರ ನೋಟು ಚಾಚಿದರು. ಎರಡೇ ಸಾವಿರ ಎಂದಾಗ ಕೌಂಟರಿನ ಗಾಜಿಗೆ ಕೈಯಿಂದ ಹೊಡೆದರು. ಹೆಂಡತಿ ಆಸ್ಪತ್ರೆಯಲ್ಲಿದ್ದರಂತೆ. ಹಿಂದಿನವರೂ ಕೂಗಲು ಶುರುಮಾಡಿದರು.

‘ಆಮೇಲೆ?’

‘ನಾವೆಲ್ಲಾ ಸೇರಿ ಅವರ್ನ ಸಮಾಧಾನ ಮಾಡಿದ್ವಿ ರೀ.’

‘ಕುರ್ಚಿ ಬಿಟ್ಟು ಎದ್ದವರು ಯಾರು?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಾನ ಎದ್ದೆ.’

‘ಬಾಗಿಲು ತೆಗೆದು ಹೊರಗೆ ಹೋದವರು?’

‘ನಾನ.’

ಹಾಗೇ ಒಂದೊಂದಾಗಿ ಬಿಡಿಸಿದೆವು. ನೀರು ತಂದುಕೊಟ್ಟಿದ್ದು ಯಾರು, ಸುತ್ತೋಲೆಯನ್ನು ಕನ್ನಡದಲ್ಲಿ ಓದಿ ಹೇಳಿದ್ದು ಯಾರು, ‘ಕಾಕಾ, ನಿಮ್ಮ ಖಾತೆ ಎಲ್ಲೈತ್ರಿ’ ಎಂದು ಕೇಳಿದ್ದು ಯಾರು. ಖಾತೆ ಅದೇ ಶಾಖೆಯಲ್ಲಿತ್ತು, ಪಾಸ್‌ಬುಕ್ ಮನೆಯಲ್ಲಿತ್ತು. ಆ ಹಿರಿಯರ ಮಗನನ್ನು ಓಡಿಸಿ ತರಿಸಿ, ನೋಟನ್ನೆಲ್ಲ ಜಮಾ ಮಾಡಿಸಿ, ವಾರಕ್ಕೆ 24,000ದವರೆಗೆ ಚೀಟಿ ಬರೆದು ತೆಗೆಯಬಹುದಿದ್ದ ನಿಯಮದಡಿ ಆ ದಿನವೇ ಅವರಿಗೆ ಬೇಕಾದ ದುಡ್ಡು ಕೊಡಿಸಿದ್ದು ಯಾರು. ಎಲ್ಲಕ್ಕೂ ಉತ್ತರ ಒಂದೇ. ಮಿತಿಯನ್ನು ಮುರಿಯಲಿಲ್ಲ, ಮನುಷ್ಯನನ್ನೂ ಬರಿಗೈಲಿ ಕಳಿಸಲಿಲ್ಲ. ಗಡಿಯ ಕೌಂಟರಿನಲ್ಲಿ ಬೇಕಾಗಿರುವುದೂ ಇದೇ ಅಲ್ಲವೇ? ಇಂಥ ಘಟನೆ ಕೈಯಲ್ಲಿಟ್ಟುಕೊಂಡು ಅವರು ಅಂತರ್ಜಾಲದಿಂದ ಇಳಿಸಿದ ಯಾವುದೋ ಹೋಟೆಲ್ ಮ್ಯಾನೇಜರನ ಕಥೆಯನ್ನು ಬಾಯಿಪಾಠ ಮಾಡಿದ್ದರು!

ಆದರೆ ‘ನಾನು’ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ‘ಬರೇ ನಾನು ನಾನು ಅಂದ್ರ ಜಂಬ ಕೊಚ್ಕೊಂಡಂಗ ಆಗೂದಿಲ್ಲೇನ್ರಿ?’ ತಪ್ಪು ಅವರದಲ್ಲ. ‘ನಾನು ಹೋದರೆ ಹೋದೇನು’ ಎಂಬ ಮಾತನ್ನು ಶಾಲೆಯಲ್ಲೇ ಕೇಳಿ ಬೆಳೆದವರು ನಾವು. ವೈಕುಂಠಕ್ಕೆ ಅದು ಸರಿ. ಈ ಸಂದರ್ಶನದಲ್ಲಿ ‘ನಾನು’ ಹೋದರೆ ಅಂಕವೂ ಹೋಗುತ್ತದೆ ಅಂದೆ. ಬರೆದುಕೊಳ್ಳುವವರಿಗೆ ‘ನಾವು’ ಎಂಬುದು ಯಾರೂ ಅಲ್ಲ.

ಉತ್ತರಕ್ಕೆ ಇಲ್ಲಿ ಎಲ್ಲರೂ ಹೇಳಿಕೊಡುವ ‘ಸ್ಟಾರ್’ ಕ್ರಮ ಇದೆ: ಸನ್ನಿವೇಶ, ನನ್ನ ಹೊಣೆ, ನಾನು ಮಾಡಿದ್ದು, ಕೊನೆಗೆ ಆದದ್ದು. ಕ್ರಮ ಒಳ್ಳೆಯದೇ. ನಮ್ಮವರು ಎಡವುವುದು ಅಳತೆಯಲ್ಲಿ. ಹರಿಕಥೆಯ ಹಾಗೆ ಪೀಠಿಕೆಗೇ ಮುಕ್ಕಾಲು ಹೊತ್ತು. ನೋಟು ರದ್ದಾದದ್ದು ಯಾಕೆ, ದೇಶಕ್ಕೆ ಏನಾಯಿತು... ‘ನಾನು ಮಾಡಿದ್ದು’ ಬರುವಷ್ಟರಲ್ಲಿ ಮಂಗಳಾರತಿ. ಪೀಠಿಕೆಯನ್ನು ನಾಲ್ಕು ವಾಕ್ಯಕ್ಕೆ ಇಳಿಸಿದೆವು. ಭಾರತ ಗೊತ್ತಿಲ್ಲದವರಿಗೆ ಅರ್ಥವಾಗಲು ಅಷ್ಟು ಸಾಕಿತ್ತು.

ಎರಡು ಇಂಗ್ಲಿಷ್ ಪದಗಳನ್ನೂ ಕಿತ್ತುಹಾಕಿಸಿದೆ: ‘ಅಡ್ಜಸ್ಟ್’ ಮತ್ತು ‘ಮ್ಯಾನೇಜ್’. ‘ಐ ಅಡ್ಜಸ್ಟೆಡ್ ದ ಕ್ಯಾಷ್’ ಎಂದು ಗಿರಿಜಾ ಹೇಳಿದಾಗ ನನಗೆ ಅರ್ಥವಾಯಿತು, ಚಿಲ್ಲರೆ ಹೊಂದಿಸಿ ಕೊಟ್ಟೆ ಅಂತ. ಇಲ್ಲಿಯವರ ಕಿವಿಗೆ ಅದು ಲೆಕ್ಕ ತಿದ್ದಿದೆ ಅನ್ನುವ ಹಾಗೆ ಕೇಳುತ್ತದೆ. ಬಸ್ಸಿನ ಸೀಟಿನಿಂದ ಸಂಸಾರದವರೆಗೆ ನಾವು ಎಲ್ಲಕ್ಕೂ ಬಳಸುವ ಆ ಪದ ಕಸ್ಟಮ್ಸ್ ಹುದ್ದೆಯ ಸಂದರ್ಶನದಲ್ಲಿ ಬೇಡ.

ಮೂರನೆಯ ಭೇಟಿಯಲ್ಲಿ ನಿಜವಾದ ಗಂಟು ಕಂಡಿತು. ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದರು, ‘ಅಕ್ಕಾರ, ಒಂದ ಸಣ್ಣ ತಪ್ಪ ಆಗಿದ್ದು ಇವ್ರ ದಾಖಲೆದಾಗ ಇರ್ತದೇನ್ರಿ?’ ಇಂಥ ಪ್ರಶ್ನೆ ಯಾವಾಗಲೂ ಬಾಗಿಲಲ್ಲೇ ಬರುತ್ತದೆ. ಮತ್ತೆ ಕೂರಿಸಿದೆ.

ಎರಡು ವರ್ಷದ ಹಿಂದೆ ಊರಿಗೆ ಹೋಗಿ ಅತ್ತೆಯನ್ನು ಕರೆದುಕೊಂಡು ಬಂದಿದ್ದರು. ಟೊರಾಂಟೊದ ಪಿಯರ್‌ಸನ್ ವಿಮಾನ ನಿಲ್ದಾಣದಲ್ಲಿ ಇಳಿದು, ಘೋಷಣೆ ಒತ್ತುವ ಯಂತ್ರದ (ಕಿಯಾಸ್ಕ್) ಮುಂದೆ ನಿಂತಾಗ, ಆಹಾರ, ಗಿಡ, ಬೀಜ ತಂದಿದ್ದೀರಾ ಎಂಬ ಪ್ರಶ್ನೆಗೆ ‘ಇಲ್ಲ’ ಒತ್ತಿದರು. ಈ ಏಜೆನ್ಸಿಯ ಅಧಿಕಾರಿಗಳೇ ಬ್ಯಾಗು ತೆರೆಸಿದರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ, ಪೇಢಾ. ಅದರಡಿ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ, ಬೇರಿಗೆ ಮನೆಯಂಗಳದ ಮಣ್ಣು ಮೆತ್ತಿದ ತುಳಸಿ ಸಸಿ. ಹೊರದೇಶದ ಮಣ್ಣು ಹಾಗೆ ಒಳಗೆ ಬರುವಂತಿಲ್ಲ. ಅದರೊಳಗಿನ ಹುಳ, ರೋಗಾಣು ಇಲ್ಲಿಯ ಬೆಳೆಗೆ ತಗಲೀತು ಅಂತ. ಇಂಥದಕ್ಕೆ 1,300 ಡಾಲರ್‌ವರೆಗೂ ದಂಡ ಬೀಳಬಹುದು. ಇವರಿಗೆ ಎಚ್ಚರಿಕೆಯ ಕಾಗದವೊಂದನ್ನು ಕೊಟ್ಟು, ತುಳಸಿ ಇಟ್ಟುಕೊಂಡರು. ಅತ್ತೆ ಖಾಲಿ ಡಬ್ಬಿ ಹಿಡಿದು ಅತ್ತರಂತೆ.

‘ಡಬ್ಬಿ ವಿಷಯ ನನಗ ದೇವ್ರಾಣಿ ಗೊತ್ತಿರಲಿಲ್ರೀ.’

‘ಚಟ್ನಿ ಪುಡಿ ವಿಷಯ?’

ಅದು ಗೊತ್ತಿತ್ತು. ಅವರೇ ಪ್ಯಾಕ್ ಮಾಡಿದ್ದು. ಹೇಳಿದ್ದರೆ ನೋಡಿ ಬಿಟ್ಟುಬಿಡಬಹುದಾಗಿದ್ದ ವಸ್ತು. ಹದಿನಾರು ಗಂಟೆಯ ಪ್ರಯಾಣ, ಹೆಗಲ ಮೇಲೆ ನಿದ್ದೆಗೆ ಬಿದ್ದ ಮಗು, ಬೇಗ ಮನೆ ಸೇರಿದರೆ ಸಾಕು ಎಂಬ ಆಸೆ. ಬೆರಳು ‘ಇಲ್ಲ’ದ ಮೇಲೆ ಹೋಯಿತು.

ಈ ಹುದ್ದೆಗೆ ಸಂದರ್ಶನದ ಜೊತೆ ಭದ್ರತಾ ತಪಾಸಣೆಯ ಭಾಗವಾಗಿ ಪ್ರಾಮಾಣಿಕತೆಯ ಬಗ್ಗೆಯೇ ಪ್ರತ್ಯೇಕ ವಿಚಾರಣೆ ಇರುತ್ತದೆ. ವಾಟ್ಸಾಪ್ ಗುಂಪಿನವರು ಅವರಿಗೆ ಹೇಳಿದ್ದು ‘ಕೇಳಿದರೆ ಮಾತ್ರ ಹೇಳು, ಅತ್ತೆ ಮೇಲೆ ಹಾಕು’. ನಾನು ಹೇಳಿದ್ದು ತದ್ವಿರುದ್ಧ. ಇಂಥ ವಿಷಯ ಕೇಳುವ ಪ್ರಶ್ನೆ ಬಂದ ಕೂಡಲೇ, ಅವರು ಕೆದಕುವ ಮೊದಲೇ, ನೀವಾಗಿ ಹೇಳಿ. ಅತ್ತೆ, ಮಗು, ನಿದ್ದೆ ಯಾವುದೂ ಮೊದಲ ವಾಕ್ಯದಲ್ಲಿ ಬೇಡ. ‘ಬ್ಯಾಗಿನಲ್ಲಿ ಆಹಾರ ಇದೆ ಅಂತ ನನಗೆ ಗೊತ್ತಿತ್ತು, ನಾನು ಇಲ್ಲ ಅಂತ ಒತ್ತಿದೆ.’ ತುಳಸಿಯ ಕಥೆ ಅದಾದ ಮೇಲೆ. ಅವರು ಅದನ್ನು ಹೇಗೆ ತೂಗುತ್ತಾರೋ ನಾನು ಭರವಸೆ ಕೊಡಲಾರೆ ಎಂದೂ ಹೇಳಿದೆ. ಆದರೆ ಮುಚ್ಚಿಟ್ಟು ಸಿಕ್ಕಿಬಿದ್ದರೆ ತಪ್ಪು ಒಂದಿದ್ದದ್ದು ಎರಡಾಗುತ್ತದೆ, ಎರಡನೆಯದು ಮೊದಲಿನದಕ್ಕಿಂತ ದೊಡ್ಡದು. ಆ ಒಂದು ವಾಕ್ಯವನ್ನು ಕಣ್ಣು ತಗ್ಗಿಸದೆ ಹೇಳಲು ಗಿರಿಜಾಗೆ ಏಳೆಂಟು ಸಲ ಬೇಕಾಯಿತು. ಮೊದಲ ಮೂರು ಸಲ ಅದು ‘ನಾವು ಒತ್ತಿದ್ವಿ’ ಎಂದೇ ಬಂತು.

‘ನಿಮ್ಮ ಸಾಲಿಗೆ ನಿಮ್ಮ ಸಂಬಂಧಿಕರೇ ಬಂದರೆ?’ ಎಂಬ ಪ್ರಶ್ನೆ ಇಟ್ಟೆ. ‘ಮೇಲಿನವರಿಗೆ ತಿಳಿಸಿ ಬೇರೆ ಅಧಿಕಾರಿಗೆ ಒಪ್ಪಿಸುತ್ತೇನೆ’ ಅಂದರು, ಸರಿಯಾದ ಉತ್ತರವೇ. ಹಾಗೆ ನಿಜವಾಗಿ ಮಾಡಿದ್ದುಂಟೇ ಅಂದೆ. ಹಿಂಜರಿಯುತ್ತ ಹೇಳಿದರು: ನೋಟ್ ಬಂದಿಯಲ್ಲೇ ಮಾವನ ತಮ್ಮ ಎರಡು ಲಕ್ಷದ ಹಳೇ ನೋಟು ಚೀಲದಲ್ಲಿ ಕಳಿಸಿದ್ದರು, ‘ಮನಿ ಮಗಳ ಕೌಂಟರ್‌ನ್ಯಾಗ ಅದಾಳ’ ಅಂತ. ಚೀಲ ಬಿಚ್ಚದೆ ವಾಪಸು ಕಳಿಸಿ, ಮ್ಯಾನೇಜರಿಗೂ ತಿಳಿಸಿದ್ದರು. ಅಂದಿನಿಂದ ಆ ಮನೆಯ ಮದುವೆ, ಮುಂಜಿ ಯಾವುದಕ್ಕೂ ಇವರಿಗೆ ಕರೆಯಿಲ್ಲ. ಮನೆತನದ ಮಾನ ಹೋಗುವ ವಿಷಯ ಅಂತ ಇದನ್ನು ಪಟ್ಟಿಯಲ್ಲೇ ಸೇರಿಸಿರಲಿಲ್ಲ! ಹೆಸರು, ನಂಟು ಹೇಳಬೇಕಿಲ್ಲ, ‘ಕುಟುಂಬದ ಹಿರಿಯರೊಬ್ಬರು’ ಅಂದರೆ ಸಾಕು ಎಂದ ಮೇಲೆ ಒಪ್ಪಿದರು.

ಇನ್ನೊಂದು ವಿಷಯ ಅವರು ಯೋಚಿಸಿಯೇ ಇರಲಿಲ್ಲ. ಈ ಅಧಿಕಾರಿಗಳು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರಷ್ಟೇ ಅಲ್ಲ. ತೊಂಬತ್ತಕ್ಕೂ ಹೆಚ್ಚು ಕಾಯ್ದೆ, ನಿಯಮಗಳನ್ನು ಜಾರಿ ಮಾಡುವವರು. 10,000 ಡಾಲರ್ ಮುಟ್ಟಿದ ನಗದು ಘೋಷಿಸದೆ ತಂದವರು, ಬಂದೂಕು ಬಚ್ಚಿಟ್ಟವರು, ಆಶ್ರಯ ಕೇಳಿ ಬರುವ ಕುಟುಂಬಗಳು, ಎಲ್ಲ ಅದೇ ಕಿಟಕಿಗೆ. 2007ರಿಂದ ಇವರಿಗೆ ಪಿಸ್ತೂಲನ್ನೂ ಕೊಟ್ಟಿದ್ದಾರೆ. ‘ಬೇಕಾದರೆ ಗುಂಡು ಹಾರಿಸ್ತೀರಾ?’ ಎಂದು ನೇರ ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಸಂದರ್ಶನಕ್ಕೆ ಉತ್ತರ ಹೊಸೆಯುವ ಮೊದಲು ಬಂದೂಕು ಸುರಕ್ಷತೆಯ ಕೋರ್ಸಿಗೆ ಹೋಗಿ ಬನ್ನಿ, ಹೇಗೂ ಈ ಹುದ್ದೆಗೆ ಅದು ಬೇಕೇ ಬೇಕು, ಕೈಗೆ ತೆಗೆದುಕೊಂಡಾಗ ನಿಮಗೇ ತಿಳಿಯುತ್ತದೆ ಎಂದೆ. ಹೋಗಿ ಬಂದರು. ‘ಭಾರ ಐತ್ರಿ,’ ಅಂದರು. ‘ಆದ್ರ ಆಗ್ತದ.’

ಉಳಿದದ್ದು ಮನೆ. ಆಯ್ಕೆಯಾದರೆ ನಾಲ್ಕು ವಾರ ಆನ್‌ಲೈನ್ ಪಾಠ, ಆಮೇಲೆ ಕ್ವಿಬೆಕ್‌ನ ರಿಗೋ ಎಂಬ ಊರಿನ ಕಾಲೇಜಿನಲ್ಲಿ ಹದಿನಾಲ್ಕು ವಾರ ವಾಸ. ಅದಾದ ಮೇಲೆ ದೇಶದಲ್ಲಿ ಎಲ್ಲಿಗೆ ಹಾಕಿದರೆ ಅಲ್ಲಿಗೆ. ಎಲ್ಲರೂ ಪಿಯರ್‌ಸನ್ ಅಥವಾ ನಯಾಗರದ ಕನಸು ಕಾಣುತ್ತಾರೆ. ಮ್ಯಾನಿಟೋಬದ ಎಮರ್ಸನ್, ಆಲ್ಬರ್ಟದ ಕೂಟ್ಸ್ ಕೂಡ ಗಡಿಯೇ. ಅಲ್ಲಿ ಚಳಿಗಾಲದ ಗಾಳಿ ಬೇರೆ, ಕನ್ನಡ ಸಂಘ ಇರಲಿ, ಕೊತ್ತಂಬರಿ ಸೊಪ್ಪೂ ಹುಡುಕಬೇಕು. ಮನೆಯಲ್ಲಿ ಮಾತಾಡದೆ ಸಂದರ್ಶನದಲ್ಲಿ ‘ಎಲ್ಲಿಗಾದರೂ ಸೈ’ ಅನ್ನಬೇಡಿ, ಅದೂ ಸುಳ್ಳು ಘೋಷಣೆಯೇ ಎಂದೆ. ಫ್ರಿಜ್ ಬಾಗಿಲಿಗೆ ಕೆನಡಾದ ನಕ್ಷೆ ಅಂಟಿಸಿ, ಗಂಡ ಎರಡು ದಿನ ಅದನ್ನೇ ನೋಡಿದರಂತೆ. ಅವರ ಕೆಲಸ ಮನೆಯಿಂದಲೇ ಆಗುವಂಥದ್ದು, ಹಾಗಾಗಿ ದಾರಿ ಇತ್ತು. ಅತ್ತೆ ಮಾತ್ರ, ‘ತುಳಸಿ ಇಸ್ಕೊಂಡ್ರು, ಈಗ ಸೊಸಿನ್ನೂ ಇಸ್ಕೋತಾರೇನ?’ ಅಂದರಂತೆ. (ನಾನು ಮೊದಲು ‘ಕಸ್ಕೊಂಡ್ರು’ ಎಂದು ಬರೆದಿದ್ದೆ. ಅತ್ತೆ ಅಷ್ಟು ಒರಟಾಗಿ ಮಾತಾಡುವವರಲ್ಲ ಎಂದು ಗಿರಿಜಾ ತಿದ್ದಿದರು.) ಮೂರನೆಯ ದಿನ ಅವರೇ, ‘ಹುಡುಗನ್ನ ನಾ ನೋಡ್ಕೋತೀನಿ, ನೀ ಹೋಗು’ ಎಂದರು.

ಸಂದರ್ಶನ ಮುಗಿಸಿ ಕಾರಿನಿಂದಲೇ ಫೋನು ಮಾಡಿದರು. ಯಾರೂ ನಗಲಿಲ್ಲವಂತೆ, ಮೂವರೂ ಬರೆಯುತ್ತಲೇ ಇದ್ದರಂತೆ. ‘ಒಂದ ಕಡೆ “ವೀ” ಅಂದ್ಬಿಟ್ಟೆ ಅಕ್ಕಾರ. ಅಲ್ಲೇ ನಿಂತು, ಸಾರಿ, ಐ ಅಂತ ತಿದ್ದಿದೆ.’ ಕೆಲವು ವಾರದ ಮೇಲೆ ಸಂದರ್ಶನ ಪಾಸಾದ ಪತ್ರ ಬಂತು. ಮನಃಶಾಸ್ತ್ರೀಯ ಪರೀಕ್ಷೆ, ವೈದ್ಯಕೀಯ, ಭದ್ರತಾ ತಪಾಸಣೆ ಎಲ್ಲ ಇನ್ನೂ ಬಾಕಿ. ತುಳಸಿಯ ಮಾತು ಅಲ್ಲಿ ಬರಬೇಕು.

ಸದ್ಯಕ್ಕೆ ದೈಹಿಕ ಸಾಮರ್ಥ್ಯದ ಪರೀಕ್ಷೆಯ ತಯಾರಿ: ಅಡೆತಡೆ ದಾಟಿ ಓಡುವುದು, ತಳ್ಳುವುದು, ಎಳೆಯುವುದು, ಭಾರ ಹೊರುವುದು. ರಾತ್ರಿ ಪಾಳಿ ಮುಗಿಸಿ ಬಂದು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಹೆಗಲ ಮೇಲೆ ಇಪ್ಪತ್ತು ಪೌಂಡಿನ ಅಕ್ಕಿ ಚೀಲ. ಮಗ ಮೇಲಿನ ಮೆಟ್ಟಿಲಲ್ಲಿ ಕೂತು ಫೋನಿನಲ್ಲಿ ಸಮಯ ನೋಡುತ್ತಾನೆ.