ಟೊಮ್ಯಾಟೊ ಗಿಡ ‘ಎಕ್ಸೂಬರಂಟ್’ ಆಗಿದೆಯಂತೆ, ಖುಷಿಪಡಬೇಕಾ?

ಅಕ್ಕ, ಫೋಟೋ ನೋಡಿದೆ. ಮುಂಬೈ ಹತ್ತಿರದ ಡೊಂಬಿವಿಲಿಯ ಬಾಲ್ಕನಿ, ಗ್ರೋ ಬ್ಯಾಗಿನಲ್ಲಿ ಎದೆಮಟ್ಟದ ಟೊಮ್ಯಾಟೊ. ಎಲೆ ಕಡು ಹಸಿರು, ತುದಿಯಲ್ಲಿ ಒಳಕ್ಕೆ ಸುರುಳಿ ಸುತ್ತಿದೆ, ಹೂವಿನ ಸುದ್ದಿಯೇ ಇಲ್ಲ. ಗಿಡದ ಆ್ಯಪ್ ಇದನ್ನು ‘ಎಕ್ಸೂಬರಂಟ್’ ಬೆಳವಣಿಗೆ ಅಂದಿತು, ಮಗ ಅದಕ್ಕೆ ಖುಷಿ ಅಂತ ಅರ್ಥ ಹೇಳಿದ, ಹಾಗಾದರೆ ಗಿಡ ಚೆನ್ನಾಗಿದೆಯಾ ಅಂತ ಕೇಳಿದ್ದೀರಿ.

ಮಗ ಹೇಳಿದ್ದು ಸುಳ್ಳಲ್ಲ. ಉತ್ಸಾಹ ಉಕ್ಕುವ ಮನುಷ್ಯರಿಗೂ ಈ ಮಾತು ಬಳಸುತ್ತಾರೆ. ಆದರೆ ಅದು ಹುಟ್ಟಿದ್ದು ಹಟ್ಟಿಯಲ್ಲಿ! ಲ್ಯಾಟಿನ್‌ನಲ್ಲಿ ‘ಊಬೆರ್’ ಅಂದರೆ ಕೆಚ್ಚಲು. ಫಲವತ್ತಾದದ್ದಕ್ಕೂ ಅದೇ ಪದ. ಅದಕ್ಕೆ ‘ಎಕ್ಸ್’ ಸೇರಿ ಉಕ್ಕಿ ಹರಿಯುವಷ್ಟು ಸಮೃದ್ಧಿ ಅಂತಾಯಿತು. ಸಂಸ್ಕೃತದ ‘ಊಧಸ್’ ಕೂಡ ಇದರ ದಾಯಾದಿಯೇ. ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ, ಫ್ರೆಂಚ್ ದಾರಿಯಾಗಿ.

ಉಕ್ಕೋದು ಯಾವಾಗಲೂ ಒಳ್ಳೆಯದಲ್ಲ, ಅಲ್ವಾ? 1996ರ ಡಿಸೆಂಬರ್ 5ರಂದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಆಗಿನ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ಒಂದು ಭಾಷಣದಲ್ಲಿ ‘ಇರ್ರ್ಯಾಷನಲ್ ಎಕ್ಸೂಬರೆನ್ಸ್’ ಅಂದರು. ಷೇರು ಬೆಲೆ ವಿವೇಕ ಮೀರಿ ಏರಿದೆಯೇನೋ ಅನ್ನೋ ಅನುಮಾನ ಅದು. ಟೋಕಿಯೊ ಷೇರುಪೇಟೆ ಕೂಡಲೇ ಇಳಿಯಿತು. ಷೇರು ವ್ಯವಹಾರದವರು ಯಾರಾದರೂ ಮನೆಯಲ್ಲಿದ್ದರೆ ಕೇಳಿ ನೋಡಿ, ಗೊತ್ತಿರುತ್ತದೆ.

ನಿಮ್ಮ ಆ್ಯಪ್ ಹೇಳಿದ್ದೂ ಆ ಅರ್ಥದಲ್ಲೇ. ಊರಲ್ಲಾದರೆ ‘ಗಿಡ ಸೊಕ್ಕಿದೆ’ ಅಂತ ಮುಗಿಸುತ್ತಿದ್ದರು. ವಾರವಾರ ಹಿಂಡಿ ನೀರು, ಮೇಲೆ ಒಂದು ಚಮಚ ಯೂರಿಯಾ ಅಂತ ಬರೆದಿದ್ದೀರಲ್ಲ, ಸೊಕ್ಕಿಗೆ ಅದೇ ಕಾರಣ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ. ಅಷ್ಟು ಸಿಕ್ಕರೆ ಗಿಡ ಎಲೆ ಬಿಡುತ್ತಲೇ ಇರುತ್ತದೆ, ಹೂವಿನ ಗೋಜಿಗೆ ಹೋಗುವುದಿಲ್ಲ.

ಇವತ್ತಿನಿಂದ ಎರಡನ್ನೂ ನಿಲ್ಲಿಸಿ. ಒಂದೆರಡು ಸಲ ತಳದ ತೂತಿನಿಂದ ಇಳಿಯುವಷ್ಟು ನೀರು ಹಾಕಿ. ಕೆಳಗೊಂದು ಟಬ್ ಇಡಿ, ಇಲ್ಲದಿದ್ದರೆ ಕೆಳಮನೆಯವರು ಸೊಸೈಟಿ ಆಫೀಸಿಗೆ ಹೋಗುತ್ತಾರೆ! ಟಬ್ಬಿನ ನೀರು ಚೆಲ್ಲಿ, ಬ್ಯಾಗ್ ಅದರಲ್ಲಿ ನಿಂತಿರಬಾರದು. ಕಾಂಡ ಮತ್ತು ಎಲೆಯ ಕಂಕುಳಲ್ಲಿ ಬರುವ ಚಿಗುರು ಬೆರಳುದ್ದ ಆಗುವ ಮೊದಲೇ ಚಿವುಟಿ. ನಿಮ್ಮದು ಎತ್ತರ ಹೋಗುವ ತಳಿ, ಅದಕ್ಕೇ ಹೇಳಿದೆ. ಗಿಡ್ಡ ತಳಿಗೆ ಹೀಗೆ ಮಾಡಬೇಡಿ, ಸುಮ್ನೆ ಕಾಯಿ ಕಮ್ಮಿಯಾಗುತ್ತದೆ. ಬ್ಯಾಗನ್ನು ಗ್ರಿಲ್ ಹತ್ತಿರ ಸರಿಸಿ, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬಿಸಿಲೇ ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ದಂಡ.

ಹೂ ಬಂದ ಮೇಲೆ ಬೆಳಿಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಪರಾಗ ಉದುರಿ ಕಾಯಿ ಕಟ್ಟುತ್ತದೆ. ಏಪ್ರಿಲ್-ಮೇನಲ್ಲಿ ಮಾತ್ರ ನಂಬಿಕೆ ಇಟ್ಟುಕೊಳ್ಳಬೇಡಿ. ಇಲ್ಲಿಯ ರಾತ್ರಿ ಸೆಕೆಗೆ ಹೂ ಉದುರುತ್ತದೆ. ಮುಂದಿನ ಸಲ ಮಳೆ ಮುಗಿದು ಅಕ್ಟೋಬರಿನಲ್ಲಿ ಬೀಜ ಹಾಕಿ.