ಕೈಜಾರಿದ ಪ್ಯಾನೆಲ್‌ಗೆ ಅಷ್ಟೊಂದು ದುಡ್ಡು ಯಾಕೆ?

ಆಸ್ಪತ್ರೆಯ ಯಂತ್ರಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಿವೃತ್ತ ಸರ್ವಿಸ್ ಎಂಜಿನಿಯರ್ ಒಬ್ಬರ ಉತ್ತರ.

ಪ್ರಶ್ನೆ: ಸರ್, ನಾನು ಎಕ್ಸ್‌ರೇ ಟೆಕ್ನಿಷಿಯನ್. ನಮ್ಮ ಡಿಆರ್ ಪ್ಯಾನೆಲ್ (ಫಿಲ್ಮ್ ಬದಲು ಎಕ್ಸ್‌ರೇ ಚಿತ್ರ ಹಿಡಿಯುವ ಡಿಜಿಟಲ್ ಹಲಗೆ) ಕೈಜಾರಿ ಬಿದ್ದು ಕೆಟ್ಟುಹೋಯಿತು. ಹೊಸದಕ್ಕೆ ಲಕ್ಷಗಟ್ಟಲೆ ಹೇಳುತ್ತಿದ್ದಾರೆ. ಮೊಬೈಲ್ ಕ್ಯಾಮೆರಾದ ಸೆನ್ಸರ್ ಅಗ್ಗ, ಇದು ಮಾತ್ರ ಯಾಕೆ ಇಷ್ಟು ದುಬಾರಿ? (ಚಿತ್ರದುರ್ಗ)

ಉತ್ತರ: ಮೊಬೈಲಿಗೆ ಲೆನ್ಸ್ ಇದೆ. ಎದುರಿಗೆ ಕೋಟೆಯೇ ಇರಲಿ, ಅದನ್ನು ಕುಗ್ಗಿಸಿ ಉಗುರಿನಷ್ಟು ಸೆನ್ಸರ್ ಮೇಲೆ ಬೀಳಿಸುತ್ತದೆ. ಎಕ್ಸ್‌ರೇ ಗಾಜಿನ ಲೆನ್ಸಿಗೆ ಬಗ್ಗುವುದಿಲ್ಲ. ಎದೆಯ ನೆರಳು ಎದೆಯಷ್ಟೇ ದೊಡ್ಡದಾಗಿ ಬೀಳುತ್ತದೆ. ಸೆನ್ಸರೂ ಅಷ್ಟೇ ದೊಡ್ಡದಿರಬೇಕು: 43 ಸೆಂ.ಮೀ. ಉದ್ದ, 43 ಸೆಂ.ಮೀ. ಅಗಲ. ಎಕ್ಸ್‌ರೇಯನ್ನು ಪರದೆಯಲ್ಲಿ ಬೆಳಕು ಮಾಡಿ, ಆ ಬೆಳಕನ್ನು ಲೆನ್ಸಿನಿಂದ ಸಿಸಿಡಿ ಎಂಬ ಸಣ್ಣ ಕ್ಯಾಮೆರಾ ಸೆನ್ಸರ್‌ಗೆ ಹಾಯಿಸುವ ಯಂತ್ರಗಳೂ ಬಂದಿದ್ದವು. ಬಹುಪಾಲು ಬೆಳಕು ದಾರಿಯಲ್ಲೇ ಪೋಲಾಗುತ್ತಿತ್ತು. ನನಗಂತೂ ಅವು ಹಿಡಿಸಲಿಲ್ಲ.

ಈಗ ಇದನ್ನು ತಯಾರಿಸುವ ಕಷ್ಟ ನೋಡಿ. ಚಿಪ್‌ಗಳನ್ನು ಮಾಡುವ ಸಿಲಿಕಾನ್ ಬಿಲ್ಲೆಯ ದೊಡ್ಡ ಅಳತೆಯೇ 30 ಸೆಂ.ಮೀ. ನಮ್ಮ ಪ್ಯಾನೆಲ್ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಎಲ್‌ಸಿಡಿ ಟಿವಿಯ ದಾರಿ ಹಿಡಿದರು. ದೊಡ್ಡ ಗಾಜಿನ ಹಾಳೆಯನ್ನು ನಿರ್ವಾತ ಕೋಣೆಯಲ್ಲಿಟ್ಟು, ಸಿಲಿಕಾನ್ ಇರುವ ಸಿಲೇನ್ ಅನಿಲ ಬಿಡುತ್ತಾರೆ. ಪ್ಲಾಸ್ಮಾದಲ್ಲಿ ಅನಿಲ ಒಡೆದು, ಸಿಲಿಕಾನ್ ತೆಳುವಾಗಿ ಗಾಜಿನ ಮೇಲೆ ಕೂರುತ್ತದೆ. ಗಾಜು ತಡೆದುಕೊಳ್ಳಬೇಕಲ್ಲ, ಹಾಗಾಗಿ ಬಿಸಿ 250-300 ಡಿಗ್ರಿ ಅಷ್ಟೇ. ಹೀಗೆ ಕೂತ ಸಿಲಿಕಾನಿನಲ್ಲಿ ಹರಳಿನ ಶಿಸ್ತು ಇರುವುದಿಲ್ಲ. ಅಲ್ಲಲ್ಲಿ ಅರ್ಧಕ್ಕೇ ನಿಂತ ಪರಮಾಣು ಬಂಧಗಳನ್ನು ಹೈಡ್ರೋಜನ್ ತುಂಬಿಕೊಡುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಸ್ಪಿಯರ್ ಮತ್ತು ಲೆಕೊಂಬರ್ ಎಂಬ ವಿಜ್ಞಾನಿಗಳು, ಇಂಥ ಒರಟು ಸಿಲಿಕಾನನ್ನೂ ಡೋಪ್ ಮಾಡಬಹುದು (ಬೇರೆ ಧಾತು ಚೂರು ಬೆರೆಸಿ ವಿದ್ಯುತ್ ಹರಿವನ್ನು ಹತೋಟಿಗೆ ತರಬಹುದು) ಎಂದು ತೋರಿಸಿದ ಮೇಲೆಯೇ ಇದೆಲ್ಲ ಸಾಧ್ಯವಾಗಿದ್ದು. ಇದರೊಳಗೆ ಎಲೆಕ್ಟ್ರಾನ್‌ಗಳು ಹರಳಿಗಿಂತ ನೂರಾರು ಪಟ್ಟು ನಿಧಾನ. ಆದರೆ ಇಲ್ಲಿನ ಟ್ರಾನ್ಸಿಸ್ಟರ್‌ಗೆ ಇರುವ ಕೆಲಸ ಸ್ವಿಚ್ ಆಗುವುದು ಮಾತ್ರ. ಒಂದೊಂದೇ ಸಾಲು ತೆರೆದು ಚಾರ್ಜ್ ಹೊರಗೆ ಬಿಟ್ಟರೆ ಆಯಿತು.

ಪಿಕ್ಸೆಲ್ 140 ಮೈಕ್ರಾನ್ ಇದ್ದರೆ ಇಡೀ ಪ್ಯಾನೆಲ್‌ನಲ್ಲಿ 90 ಲಕ್ಷಕ್ಕೂ ಜಾಸ್ತಿ ಪಿಕ್ಸೆಲ್. ಪ್ರತಿಯೊಂದಕ್ಕೂ ಬೆಳಕನ್ನು ಚಾರ್ಜ್ ಮಾಡುವ ಒಂದು ಫೋಟೊಡಯೋಡ್, ಒಂದು ಸ್ವಿಚ್. ಮೊಬೈಲ್ ಸೆನ್ಸರ್ ಮಾಡುವಾಗ ಬಿಲ್ಲೆಯ ಮೇಲೆ ಧೂಳು ಬಿದ್ದರೆ ಒಂದು ತುಂಡು ಎಸೆದರಾಯಿತು, ಉಳಿದವು ಮಾರಾಟಕ್ಕೆ ಹೋಗುತ್ತವೆ. ಇಲ್ಲಿ ತುಂಡೇ ಒಂದು. ಬಿಡಿ ಪಿಕ್ಸೆಲ್ ಸತ್ತರೆ ಸಾಫ್ಟ್‌ವೇರ್ ಅಕ್ಕಪಕ್ಕದವನ್ನು ನೋಡಿ ತೇಪೆ ಹಾಕುತ್ತದೆ. ಸಾಲುಗಳೇ ಗುಂಪಾಗಿ ಹೋದರೆ ಪ್ಯಾನೆಲ್ ರದ್ದಿಗೆ. ಜೊತೆಗೆ ಟಿವಿ, ಮೊಬೈಲಿನಂತೆ ಕೋಟಿ ಸಂಖ್ಯೆಯಲ್ಲಿ ಮಾರಾಟವಾಗುವ ಮಾಲಲ್ಲ ಇದು. ಮುಂದಿನ ಸಲ ಕೊಳ್ಳುವಾಗ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಬಳಸಿದ ಪ್ಯಾನೆಲ್ ಕೇಳಿ. ಬಿದ್ದರೂ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ.

ಪ್ರಶ್ನೆ: ಇಂಥ ಪ್ಯಾನೆಲ್‌ನಲ್ಲಿ ಎಕ್ಸ್‌ರೇ ಹಿಡಿಯುವ ಪದರಕ್ಕೆ ಸೀಸಿಯಂ ಅಯೋಡೈಡ್ ಒಳ್ಳೆಯದಾ, ಸೆಲೆನಿಯಂ ಒಳ್ಳೆಯದಾ? ಇಂಥ ಕೆಲಸ ಕಲಿಯಲು ವಿದ್ಯಾರ್ಥಿಗಳಿಗೆ ಕರ್ನಾಟಕದಲ್ಲಿ ಅವಕಾಶ ಇದೆಯಾ? (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಯಾವ ಅಂಗ ಅನ್ನುವುದರ ಮೇಲೆ ಹೋಗುತ್ತದೆ. ತೆಳು ಸಿಲಿಕಾನ್ ಎಕ್ಸ್‌ರೇಯನ್ನು ಹಿಡಿಯುವುದಿಲ್ಲ, ಎಕ್ಸ್‌ರೇ ತನ್ನ ಪಾಡಿಗೆ ಹಾದುಹೋಗುತ್ತದೆ. ಸೀಸಿಯಂ, ಅಯೋಡಿನ್ ಭಾರದ ಪರಮಾಣುಗಳು, ಚೆನ್ನಾಗಿ ಹಿಡಿದು ಬೆಳಕು ಮಾಡುತ್ತವೆ. ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದರೆ ಈ ಪದರ ಸೂಜಿಗಳಾಗಿ ಬೆಳೆಯುತ್ತದೆ, ಪೊರಕೆ ಕಟ್ಟನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಬೆಳಕು ಪಕ್ಕಕ್ಕೆ ಹೆಚ್ಚು ಹರಡದೆ ಸೂಜಿಯೊಳಗೇ ಕೆಳಗಿಳಿಯುತ್ತದೆ. ಹಾಗಾಗಿ ಪದರ ದಪ್ಪ ಇದ್ದರೂ ಚಿತ್ರ ಮಸುಕಾಗುವುದಿಲ್ಲ. ತೇವ ಮಾತ್ರ ಇದಕ್ಕೆ ಶತ್ರು. ಕರಾವಳಿಯ ಮಳೆಗಾಲದಲ್ಲಿ ಪ್ಯಾನೆಲ್‌ನ ಸೀಲ್ ಬಿಟ್ಟುಕೊಂಡರೆ ಕಥೆ ಮುಗಿಯಿತು.

ಸೆಲೆನಿಯಂನಲ್ಲಿ ಬೆಳಕಿನ ಮಧ್ಯಸ್ತಿಕೆಯೇ ಇಲ್ಲ. ಎಕ್ಸ್‌ರೇ ಬಿದ್ದಲ್ಲೇ ಚಾರ್ಜ್ ಹುಟ್ಟುತ್ತದೆ. ಸುಮಾರು 2,000 ವೋಲ್ಟ್ ಅದನ್ನು ನೇರ ಕೆಳಗೆ ಎಳೆಯುತ್ತದೆ. ಸ್ತನದ ಮ್ಯಾಮೊಗ್ರಫಿಯಲ್ಲಿ ಅತಿ ಸಣ್ಣ ಸುಣ್ಣದ ಕಣಗಳನ್ನು ಹುಡುಕಬೇಕು, ಅಲ್ಲಿ ಇದೇ ನನ್ನ ಆಯ್ಕೆ. ಎದೆಯ ಎಕ್ಸ್‌ರೇಗೆ ಸೀಸಿಯಂ. ಸೆಲೆನಿಯಂ ಸೆಕೆ ತಡೆಯುವುದಿಲ್ಲ, ಬಿಸಿಯೇರಿದರೆ ಹರಳುಗಟ್ಟಿ ಹಾಳಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ‘ಕರೆಂಟ್ ಬಿಲ್ ಉಳಿಸೋಣ’ ಎಂದು ರಾತ್ರಿ ಎಸಿ ಆರಿಸುವವರಿಗೆ ಈ ಮಾತು ಹೇಳಿ.

ಕಲಿಯಲು ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ದೊಡ್ಡ ಕ್ಲೀನ್‌ರೂಮ್ ಇದೆ. ಐಎನ್‌ಯುಪಿ ಎಂಬ ಯೋಜನೆಯಲ್ಲಿ ಹೊರಗಿನ ಕಾಲೇಜಿನವರಿಗೂ ತರಬೇತಿ ಕೊಡುತ್ತಾರೆ. ನಿಮ್ಮ ಪ್ರೊಫೆಸರನ್ನು ಜೊತೆಗೆ ಕಟ್ಟಿಕೊಂಡು ಅರ್ಜಿ ಹಾಕಿ.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲೂ ಎಕ್ಸ್‌ರೇ ಇರುತ್ತಾ? ನನ್ನ ಸೊಸೆ ಬಸುರಿ. (ತಿಪಟೂರು)

ಉತ್ತರ: ಇಲ್ಲ ತಾಯಿ, ಬಸುರಿಯರಿಗೆ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬರೀ ಶಬ್ದ. ನಮ್ಮ ಕಿವಿಗೆ ಕೇಳದಷ್ಟು ಕೀಚು ಶಬ್ದ.

ಪ್ರಶ್ನೆ: ಮೊಬೈಲಿಗೆ ಸಿಕ್ಕಿಸುವ ಸ್ಕ್ಯಾನಿಂಗ್ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಭಾಗ) ಬಂದಿದೆಯಂತೆ. ಅಷ್ಟು ಚಿಕ್ಕದು ಹೇಗಾಯಿತು? ಮನೆಗೆ ತರಿಸಬಹುದಾ? (ಶಿರಸಿ)

ಉತ್ತರ: ಹಳೆಯ ಪ್ರೋಬ್‌ನಲ್ಲಿ ಪಿಜಡ್‌ಟಿ ಎಂಬ ಪಿಂಗಾಣಿಯಂಥ ವಸ್ತು ಇರುತ್ತದೆ. ವೋಲ್ಟೇಜ್ ಕೊಟ್ಟರೆ ಕಂಪಿಸುತ್ತದೆ, ಪ್ರತಿಧ್ವನಿ ತಾಗಿದರೆ ವೋಲ್ಟೇಜ್ ಕೊಡುತ್ತದೆ. ಅದನ್ನು ವಜ್ರದ ಗರಗಸದಿಂದ 128 ಸಣ್ಣ ಪಟ್ಟಿಗಳಾಗಿ ಸೀಳಿ, ಪ್ರತಿಯೊಂದಕ್ಕೂ ತಂತಿ ಜೋಡಿಸುತ್ತಾರೆ. ನಾಜೂಕಿನ ಕೆಲಸ. 1990ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಖೂರಿ-ಯಾಕೂಬ್ ತಂಡ ಬೇರೆ ದಾರಿ ಹಿಡಿಯಿತು. ಚಿಪ್ ಮಾಡುವ ವಿಧಾನದಲ್ಲೇ ಸಿಲಿಕಾನ್ ಮೇಲೆ ಟೊಳ್ಳು ಕೊರೆದು, ಮೇಲೆ ತೆಳು ಪೊರೆ ಬಿಗಿದರು. ವೋಲ್ಟೇಜಿಗೆ ಪೊರೆ ಅದುರುತ್ತದೆ. ನೀವು ಕೇಳಿದಂಥ, ಮೊಬೈಲಿಗೆ ಸಿಕ್ಕಿಸುವ ಬಟರ್‌ಫ್ಲೈ ಐಕ್ಯೂ ಎಂಬ ಪ್ರೋಬ್‌ನಲ್ಲಿ ಒಂದೇ ಚಿಪ್ ಮೇಲೆ ಸುಮಾರು 9,000 ಇಂಥ ಘಟಕಗಳಿವೆ. ಹೊಟ್ಟೆಗೊಂದು, ನರಕ್ಕೊಂದು ಅಂತ ಬೇರೆ ಬೇರೆ ಪ್ರೋಬ್ ಬೇಕಿಲ್ಲ. ಆದರೂ ಆಳದ ಅಂಗಗಳಿಗೆ ಒಳ್ಳೆಯ ಪಿಜಡ್‌ಟಿ ಯಂತ್ರದ ಚಿತ್ರವೇ ನನ್ನ ಕಣ್ಣಿಗೆ ಮೇಲು.

ಮನೆಗೆ ತರಿಸುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಜೇಬಿನ ಪ್ರೋಬ್‌ಗೂ ಅನ್ವಯಿಸುತ್ತದೆ. ನೋಂದಣಿ ಇಲ್ಲದವರಿಗೆ ಮಾರುವುದೂ ಅಪರಾಧ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸೋಣ ಅಂತಲೂ ಯೋಚಿಸಬೇಡಿ.